ಜಡೆ ಹಾಕಿಕೊಂಡ ನದಿ

ಪ್ರಶ್ನೆ: ಮಗಳ ಭೂಗೋಳ ಪುಸ್ತಕದಲ್ಲಿ ಬ್ರಹ್ಮಪುತ್ರವನ್ನು ‘ಹೆಣೆದ ನದಿ’ ಎಂದಿದ್ದಾರೆ. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ. ನದಿಯನ್ನು ಹೆಣೆದವರು ಯಾರು? ಶ್ರೀರಂಗಪಟ್ಟಣದಲ್ಲಿ ಕವಲಾಗುವ ಕಾವೇರಿಯೂ ಹಾಗೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಹೆಣೆದದ್ದು ಮರಳು, ತಾಯಿ! ಹಿಮಾಲಯದಿಂದ ಹೊತ್ತು ತಂದ ಮರಳು, ಹೂಳನ್ನೆಲ್ಲ ಅಸ್ಸಾಮಿನ ಸಮತಟ್ಟು ನೆಲದಲ್ಲಿ ಮುಂದೆ ಸಾಗಿಸಲಾರದೆ ನದಿ ತನ್ನ ಪಾತ್ರದ ನಡುವೆಯೇ ಸುರಿಯುತ್ತದೆ. ಆ ದಿಬ್ಬವನ್ನು ನೀರು ಎರಡೂ ಬದಿಯಿಂದ ಬಳಸಿ ಮುಂದೆ ಕೂಡುತ್ತದೆ, ಮತ್ತೆ ಒಡೆಯುತ್ತದೆ. ಮೇಲಿನಿಂದ ನೋಡಿದರೆ ಜಡೆಯೇ. ಆದರೆ ಮಳೆಗಾಲ ಬಂದಾಗಲೆಲ್ಲ ಬಿಚ್ಚಿ ಬೇರೆ ಬಗೆಯಲ್ಲಿ ಹಾಕಿದ ಜಡೆ. ಅಲ್ಲಿನವರು ಚಾಪೊರಿ ಎನ್ನುವ ಈ ದಿಬ್ಬಗಳಲ್ಲಿ ಬೇಸಾಯ ಉಂಟು, ಮನೆಗಳುಂಟು, ನೆಲದ ಭರವಸೆ ಮಾತ್ರ ಇಲ್ಲ. ಸೇತುವೆ ಕಟ್ಟುವವರ ಪಾಡಂತೂ ಕೇಳಲೇಬೇಡಿ. ಗುವಾಹಟಿಯ ಸರಾಯ್‌ಘಾಟ್‌ನಲ್ಲಿ ಗುಡ್ಡಗಳು ನದಿಯನ್ನು ಒತ್ತಿ ಹಿಡಿದಿರುವುದರಿಂದ ಸುಮಾರು 1.3 ಕಿ.ಮೀ. ಸಾಕಾಯಿತು, 2018ರಲ್ಲಿ ತೆರೆದ ಬೋಗಿಬೀಲ್ ಸೇತುವೆಗೆ, ಒಡ್ಡು ಕಟ್ಟಿ ನದಿಯನ್ನು ಕಿರಿದಾಗಿಸಿದ ಮೇಲೂ, 4.94 ಕಿ.ಮೀ. ಬೇಕಾಯಿತು.

ನಿಮ್ಮ ಕಾವೇರಿ ಹಾಗಲ್ಲ. ಅಲ್ಲಿನ ಕವಲುಗಳನ್ನು ಬಂಡೆ ಹಿಡಿದಿಟ್ಟಿದೆ. ಮಳೆಗಾಲ ಬಂತೆಂದು ಅವು ಜಾಗ ಬದಲಿಸುವುದಿಲ್ಲ. ಕವಲಾದದ್ದೆಲ್ಲ ಹೆಣೆದದ್ದಲ್ಲ ಎಂದು ಮಗಳಿಗೆ ಹೇಳಿ. ಪರೀಕ್ಷೆಯಲ್ಲಿ ಕೇಳಿಯಾರು!