142 ಇಟ್ರೆ 162ಕ್ಕೆ ಯಾಕೆ ಹೋಗುತ್ತೆ? ಟೇಕಾಫ್‌ನಲ್ಲಿ ಎಫ್‌ಡಿ ಕಡ್ಡಿ ಹೇಳೋದೇನು

ಸರ್, ನೀವು ಕೇಳಿದ್ದು, ಸಿಮ್‌ನಲ್ಲಿ (ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಸಿಮ್ಯುಲೇಟರ್) ಬೆಂಗಳೂರಿಂದ ಬೋಯಿಂಗ್ 737-800 ಎತ್ತುವಾಗ ಸ್ಪೀಡ್ ವಿಂಡೋದಲ್ಲಿ 142 ನಾಟ್ (ವಿಮಾನದ ಸ್ಪೀಡಿನ ಅಳತೆ) ಇಟ್ಟಿದ್ರೂ ಫ್ಲೈಟ್ ಡೈರೆಕ್ಟರ್ (ಎಫ್‌ಡಿ, ಮೂಗು ಎಷ್ಟು ಎತ್ತಬೇಕು ಅಂತ ಸ್ಕ್ರೀನಲ್ಲಿ ಕಡ್ಡಿಯಿಂದ ತೋರಿಸೋದು) ಹೇಳ್ದಂಗೆ ಹಾರಿಸಿದ್ರೆ 162ಕ್ಕೆ ಹೋಗಿ ನಿಲ್ಲುತ್ತೆ, ಆಡ್‌ಆನ್‌ನಲ್ಲಿ (ಸಿಮ್‌ಗೆ ಹಾಕ್ಕೊಂಡ ವಿಮಾನದ ಸಾಫ್ಟ್‌ವೇರ್) ಬಗ್ ಇದ್ಯಾ ಅಂತ. ಬಗ್ ಅಲ್ಲ ಸರ್, ನಿಜವಾದ ವಿಮಾನನೂ ಹಂಗೇ ಮಾಡೋದು. ಆ ವಿಂಡೋದಲ್ಲಿ ನಾವು ಇಡೋದು ವಿ2, ಅಂದ್ರೆ ಒಂದು ಎಂಜಿನ್ ಕೈಕೊಟ್ರೂ ಸೇಫಾಗಿ ಏರೋಕೆ ಬೇಕಾದ ಸ್ಪೀಡು. ಎರಡೂ ಎಂಜಿನ್ ಚೆನ್ನಾಗಿರುವಾಗ ಆ ಅಂಚಿಗೆ ಅಂಟ್ಕೊಂಡು ಹಾರೋ ದರ್ದಿಲ್ಲ, ಅದಕ್ಕೆ 737ರ ಎಫ್‌ಡಿ ವಿ2 ಮೇಲೆ 20 ನಾಟ್ ಸೇರಿಸ್ಕೊಂಡು ಗುರಿ ಇಟ್ಕೊಳ್ಳುತ್ತೆ. ನಿಮ್ಮ ಲೆಕ್ಕ ಸರಿಯಾಗೇ ಬಂದಿದೆ.

ಇದು ತಲೆಗೆ ಹತ್ತಬೇಕು ಅಂದ್ರೆ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ: ಟೇಕಾಫ್‌ನಲ್ಲಿ ಥ್ರಸ್ಟ್, ಅಂದ್ರೆ ಎಂಜಿನ್ ತಳ್ಳೋ ಬಲ, ಫಿಕ್ಸ್. ಸ್ಪೀಡ್ ಕಂಟ್ರೋಲ್ ಆಗೋದು ಮೂಗಿನಿಂದ ಮಾತ್ರ. ಚಾರ್ಮಾಡಿ ಘಾಟಿಯಲ್ಲಿ ಆಕ್ಸಿಲರೇಟರ್ ಒಂದೇ ಸಮ ಒತ್ತಿಟ್ಕೊಂಡ್ರೆ ಏರು ಕಡಿದಾದಷ್ಟೂ ಗಾಡಿ ನಿಧಾನ ಆಗುತ್ತಲ್ವಾ, ಇಲ್ಲಿ ಆ ಏರು ಎಷ್ಟಿರಬೇಕು ಅಂತ ಆರಿಸೋದು ನಿಮ್ಮ ಕೈಲಿದೆ, ಎಫ್‌ಡಿ ಹೇಳೋದು ಅದನ್ನೇ. ಈಗಿನ ಸ್ಪೀಡ್ ಎಷ್ಟು, ಗುರಿಗೆ ಎಷ್ಟು ದೂರ, ಸ್ಪೀಡ್ ಏರ್ತಾ ಇದ್ಯಾ ಇಳೀತಾ ಇದ್ಯಾ, ಎಲ್ಲಾ ನೋಡಿ ಮೂಗು ಎಲ್ಲಿರಬೇಕು ಅಂತ ಕಡ್ಡಿ ತೋರಿಸುತ್ತೆ. ಹಂಗಾಗಿ ಕಡ್ಡಿ ನಡುವೆ ಇದೆ ಅಂದ್ರೆ ನಿಮ್ಮ ಪಿಚ್ (ಮೂಗಿನ ಕೋನ) ಅದು ಕೇಳಿದಷ್ಟಿದೆ ಅಂತ ಅಷ್ಟೇ ಅರ್ಥ, ಸ್ಪೀಡ್ ಆಗಲೇ ಗುರಿ ಮುಟ್ಟಿದೆ ಅಂತಲ್ಲ, ಇನ್ನೂ ಅದರ ಕಡೆ ಹೋಗ್ತಾ ಇರಬಹುದು.

ಆದ್ರೆ ಈ ಲೆಕ್ಕ ಶುರು ಆಗೋದು ಗಾಳಿಗೆ ಎದ್ದ ಮೇಲೆ. ಮುಂದಿನ ಸಲ ರನ್‌ವೇ ಮೇಲೆ ಟೋಗಾ (ಟೇಕಾಫ್ ಥ್ರಸ್ಟ್ ಕೊಡೋ ಬಟನ್) ಒತ್ತಿದ ತಕ್ಷಣ ಕಡ್ಡಿ ನೋಡಿ, 10 ಡಿಗ್ರಿ ಕೆಳಗೆ ಕೂತಿರುತ್ತೆ. 60 ನಾಟ್ ಆದಾಗ ಎದ್ದು 15 ಡಿಗ್ರಿ ಮೇಲಕ್ಕೆ ಹೋಗುತ್ತೆ. ಆಗ ಅದು ಯಾವ ಸ್ಪೀಡನ್ನೂ ಲೆಕ್ಕ ಹಾಕ್ತಿಲ್ಲ, ಮೊದಲೇ ಬರೆದಿಟ್ಟ ನಂಬರ್ ಅದು. ಎದ್ದ ಮೇಲೂ ಸಾಕಷ್ಟು ಏರುವ ವೇಗ ಬರೋ ತನಕ 15ರಲ್ಲೇ ಇದ್ದು, ಆಮೇಲೇ ವಿ2 ಪ್ಲಸ್ 20 ಹಿಡಿಯೋಕೆ ಶುರು ಮಾಡುತ್ತೆ.

ದಯವಿಟ್ಟು ಇದೊಂದು ಜಾಗದಲ್ಲಿ ಹುಷಾರಾಗಿರಿ. 737-800ರಲ್ಲಿ ಚಕ್ರ ಇನ್ನೂ ನೆಲದ ಮೇಲಿರುವಾಗ ಮೂಗು 11 ಡಿಗ್ರಿ ಮುಟ್ಟಿದ್ರೆ ಬಾಲ ರನ್‌ವೇಗೆ ಉಜ್ಜುತ್ತೆ, ಕಡ್ಡಿ ನೋಡಿದ್ರೆ 15ರಲ್ಲಿ ಕರೀತಾ ಕೂತಿದೆ! ನಾನು ಶುರುವಲ್ಲಿ ವಿಆರ್ (ಮೂಗು ಎತ್ತೋಕೆ ಶುರು ಮಾಡೋ ಸ್ಪೀಡು) ಅಂದ ತಕ್ಷಣ ಕಡ್ಡಿ ಹಿಡಿಯೋಕೆ ಅಂತ ಒಂದೇ ಸಲ ಯೋಕ್ (ವಿಮಾನದ ಸ್ಟೀರಿಂಗ್) ಎಳೀತಿದ್ದೆ, ಪ್ರತೀ ಸಲ ಟೈಲ್ ಸ್ಟ್ರೈಕ್, ಯಾಕೆ ಅಂತ ಗೊತ್ತಾಗೋಕೆ ಎಷ್ಟೋ ದಿನ ಹಿಡೀತು. ಎತ್ತುವಾಗ ಕಡ್ಡಿ ಮರೆತುಬಿಡಿ. ಸೆಕೆಂಡಿಗೆ ಎರಡು, ಎರಡೂವರೆ ಡಿಗ್ರಿಯಂತೆ ಒಂದೇ ಸಮ ಎತ್ತಿ, 8-9 ಡಿಗ್ರಿ ಹತ್ರ ಚಕ್ರ ತಾನೇ ನೆಲ ಬಿಡುತ್ತೆ, ಅದೇ ಲಯದಲ್ಲಿ 15ಕ್ಕೆ ಹೋಗಿ, ಅಲ್ಲಿಂದ ಕಡ್ಡಿ ಹಿಂದೆ ಹೋಗಿ.

ಎಂಜಿನ್ ಫೇಲ್ ಪ್ರಾಕ್ಟೀಸ್ ಮಾಡ್ತೀರಾದ್ರೆ ಇನ್ನೊಂದು: ಎದ್ದ ಮೇಲೆ ಎಂಜಿನ್ ಹೋದ್ರೆ ಎಫ್‌ಡಿ ಹಠ ಹಿಡಿದು 20 ಸೇರಿಸೋಕೆ ಹೋಗಲ್ಲ. ವಿ2ಗಿಂತ ಕಮ್ಮಿ ಇದ್ರೆ ವಿ2 ಕೇಳುತ್ತೆ, ವಿ2ಗೂ ವಿ2 ಪ್ಲಸ್ 20ಕ್ಕೂ ನಡುವೆ ಇದ್ರೆ ಆಗ ಇದ್ದ ಸ್ಪೀಡನ್ನೇ ಉಳಿಸ್ಕೊಳ್ಳುತ್ತೆ, ಜಾಸ್ತಿ ಇದ್ರೆ ಪ್ಲಸ್ 20ಕ್ಕೆ ತರುತ್ತೆ. ಆ ನಡುವಿನಲ್ಲಿದ್ದಾಗ ಇರೋ ಸ್ಪೀಡನ್ನ ಬಿಟ್ಟುಕೊಡಲ್ಲ, ಹೊಸದನ್ನ ಗಳಿಸೋಕೆ ಅಂತ ಏರೋದನ್ನೂ ಬಿಡಲ್ಲ. ನನಗಂತೂ ಇದು ಬಹಳ ಇಷ್ಟವಾದ ಲಾಜಿಕ್.

ಕೆಳಗೆ ಒಬ್ರು ಏರ್‌ಬಸ್ ಎ320 ಬಗ್ಗೆ ಕೇಳಿದ್ರು. ಅದರಲ್ಲಿ ಈ ಮೋಡ್ ಹೆಸರು ಸ್ಪೀಡ್ ರೆಫರೆನ್ಸ್ ಸಿಸ್ಟಮ್, ಚಿಕ್ಕದಾಗಿ ಎಸ್‌ಆರ್‌ಎಸ್, ಗುರಿ ವಿ2 ಪ್ಲಸ್ 10, ಮಾಮೂಲಿಯಾಗಿ 18 ಡಿಗ್ರಿ ಮೇಲೆ ಮೂಗು ಕೇಳಲ್ಲ. ವಿ2 ಅದಕ್ಕೆ ಸಿಗೋದು ವಿಮಾನದ ಕಂಪ್ಯೂಟರಲ್ಲಿ ಟೇಕಾಫ್ ನಂಬರ್ ತುಂಬೋ ಪರ್ಫ್ ಪೇಜಿಂದ, ಅಲ್ಲಿ ಹಾಕಿಲ್ಲ ಅಂದ್ರೆ ಎಸ್‌ಆರ್‌ಎಸ್ ಬರೋದೇ ಇಲ್ಲ. ಅದೇ ಪೇಜಲ್ಲಿರೋ ಆಕ್ಸಲರೇಷನ್ ಆಲ್ಟಿಟ್ಯೂಡ್ (ಮೂಗು ತಗ್ಗಿಸಿ ಸ್ಪೀಡ್ ಹೆಚ್ಚಿಸೋಕೆ ಶುರು ಮಾಡೋ ಎತ್ತರ) ಸಮುದ್ರ ಮಟ್ಟದಿಂದ ಲೆಕ್ಕ, ಬೆಂಗಳೂರು ಏರ್‌ಪೋರ್ಟೇ ಸುಮಾರು 3000 ಅಡಿ ಮೇಲಿದೆ, ಹಂಗಾಗಿ ನೆಲದಿಂದ 1500 ಅಡಿ ಬೇಕು ಅಂದ್ರೆ ಬಾಕ್ಸಲ್ಲಿ 4500 ಹತ್ರ ಇರಬೇಕು, ಗಾಬರಿ ಬೇಡ.

737ರಲ್ಲಿ ವಿ2ನ ನಾವೇ ಕೈಯಾರೆ ತಿರುಗಿಸಿ ಇಡಬೇಕು. ಮರೆತು ಕಮ್ಮಿ ನಂಬರ್ ಬಿಟ್ರೆ ಎಫ್‌ಡಿ ಅದನ್ನೇ ನಂಬ್ಕೊಂಡು, ಸ್ಪೀಡ್ ಜಾಸ್ತಿ ಆಯ್ತು ಅಂತ ಮೂಗನ್ನ ಇನ್ನೂ ಮೇಲಕ್ಕೆ ಕೇಳುತ್ತೆ, ಅದಕ್ಕೆ ಟೋಗಾ ಒತ್ತೋ ಮುಂಚೆ ವಿಂಡೋನ ಒಂದ್ಸಲ ಬಾಯಿಬಿಟ್ಟು ಓದಿ.

ಇವತ್ತು ರಾತ್ರಿ ಫುಲ್ ಲೋಡಲ್ಲಿ ಒಂದ್ಸಲ, ಪ್ಯಾಸೆಂಜರ್ ಇಲ್ದೆ ಕಮ್ಮಿ ಫ್ಯೂಯೆಲಲ್ಲಿ ಒಂದ್ಸಲ ಎತ್ತಿ ನೋಡಿ, ಎರಡಕ್ಕೂ ವಿ2 ಹೊಸದಾಗಿ ಲೆಕ್ಕ ಹಾಕಿ. ಸ್ಪೀಡ್ ವಿ2 ಪ್ಲಸ್ 20ರಲ್ಲಿ ನಿಂತಾಗ ಪಿಚ್ ಎಷ್ಟಿತ್ತು ಅಂತ ಎರಡೂ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ ಸರ್, ಪಕ್ಕಪಕ್ಕ ಇಟ್ಟು ನೋಡೋಣ.