ಹಳೇ ಟಿವಿ ಗೇಮ್: ಅಡಾಪ್ಟರ್, ಗನ್, ಕ್ಯಾಸೆಟ್ ಬಗ್ಗೆ

ಸರ್, ಅಟ್ಟದಲ್ಲಿ ಹಳೇ ಟಿವಿ ಗೇಮ್ ಸೆಟ್ ಸಿಕ್ಕಿದೆ, ಅಡಾಪ್ಟರ್ ಕಳೆದುಹೋಗಿದೆ, ಮನೆಯಲ್ಲಿ ಎಲ್‌ಇಡಿ ಟಿವಿ ಇದೆ, ಇನ್ನೊಂದಿಷ್ಟು ಗೇಮ್ ಕ್ಯಾಸೆಟ್ ಕೂಡಿಸಬೇಕು ಎಂದು ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಒಬ್ಬರು ವೈಫೈ ರೂಟರ್‌ನ ಅಡಾಪ್ಟರ್ ಹಾಕಿ ನೋಡಿ ಎಂದಿದ್ದಾರೆ. ದಯವಿಟ್ಟು ಬೇಡ.

ನಾವು ತೊಂಬತ್ತರ ದಶಕದಲ್ಲಿ ಆಡಿದ ಸೆಟ್‌ಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಫ್ಯಾಮಿಕಾಮ್ ಅಡಾಪ್ಟರ್ ಪಿನ್ನಿನಲ್ಲಿ ಒಳಗೆ ಮೈನಸ್, ಹೊರಗೆ ಪ್ಲಸ್. ಬಹಳಷ್ಟು ನಕಲಿ ಸೆಟ್‌ಗಳೂ ಹಾಗೇ ಇವೆ. ರೂಟರ್ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಜೊತೆಗೆ ಹಲವು 12 ವೋಲ್ಟಿನವು. ಸೆಟ್ಟಿನ ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇರುತ್ತದೆ. ಅದು 9 ವೋಲ್ಟನ್ನು 5ಕ್ಕೆ ಇಳಿಸುತ್ತದೆ, ಮಿಕ್ಕ 4 ವೋಲ್ಟ್ ಬಿಸಿಯಾಗಿ ಹೋಗುತ್ತದೆ. 12 ಕೊಟ್ಟರೆ ಮಿಕ್ಕುವುದು 7. ಅಂದರೆ ಬಿಸಿ ಹತ್ತಿರ ಹತ್ತಿರ ದುಪ್ಪಟ್ಟು.

ಸೆಟ್ಟಿನ ಅಡಿಯಲ್ಲಿ ಪ್ಲಸ್ ಮೈನಸ್ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಸ್ಕ್ರೂ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಅದರ ವೈರಿನ ತುದಿಯ ಒಂದು ಮುಳ್ಳನ್ನು 7805ರ ನಡುವಿನ ಕಾಲಿಗೆ ಹಿಡಿಯಿರಿ. ಇನ್ನೊಂದನ್ನು ಅಡಾಪ್ಟರ್ ಸಾಕೆಟ್ಟಿನ ಎರಡೂ ತುದಿಗೆ ಮುಟ್ಟಿಸಿ. ಬೀಪ್ ಬಂದ ತುದಿ ಮೈನಸ್. ಅದಕ್ಕೆ ಹೊಂದುವ 9 ವೋಲ್ಟಿನ ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಕೇಳಿ ತನ್ನಿ. ಇಷ್ಟು ಮಾಡೋಕೆ ಬೇಜಾರು ಅನ್ನಿಸಿದರೆ ರೇಡಿಯೋ ರಿಪೇರಿಯವರ ಹತ್ತಿರ ಕೊಡಿ, ಐದು ನಿಮಿಷದ ಕೆಲಸ.

ಟಿವಿ ವಿಷಯ. ಹಳದಿ, ಬಿಳಿ ಎವಿ ವೈರ್ ಇದ್ದರೆ ಎಲ್‌ಇಡಿ ಟಿವಿಗೂ ಹಾಕಬಹುದು. ಚಿತ್ರ ಬರೀ ಕಪ್ಪು ಬಿಳುಪಾಗಿ ಬಂದರೆ ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ, ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನು ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸಿ ನೋಡಿ.

ಸೆಟ್ ಜೊತೆ ಬರುತ್ತಿದ್ದ ಆಟಿಕೆ ಗನ್ ಮಾತ್ರ ಎಲ್‌ಇಡಿಯಲ್ಲಿ ಕೆಲಸ ಮಾಡಲ್ಲ. ಬಾತುಕೋಳಿ ಹೊಡೆಯುವ ಗೇಮ್ ನೆನಪಿದೆ ಅಲ್ವಾ? ಟ್ರಿಗರ್ ಒತ್ತಿದಾಗ ಸ್ಕ್ರೀನ್ ಒಂದು ಕ್ಷಣ ಮಿಣಕ್ ಅನ್ನುತ್ತಿತ್ತು. ಆಗ ಇಡೀ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರ ಮೂತಿಯೊಳಗಿನ ಸೆನ್ಸರ್ ಆ ಬಿಳಿ ಬೆಳಕನ್ನು ಕಂಡರೆ ಗುರಿ ಬಿತ್ತು ಎಂದು ಲೆಕ್ಕ. ಹಳೇ ಡಬ್ಬಾ ಟಿವಿಯಲ್ಲಿ ಚೌಕ ಆ ಕ್ಷಣಕ್ಕೇ ಮೂಡುತ್ತದೆ. ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ಸರಿಮಾಡಿಕೊಂಡು ತೋರಿಸುವಷ್ಟರಲ್ಲಿ ತಡವಾಗಿರುತ್ತದೆ, ಸೆಟ್ ಕಾಯುವುದಿಲ್ಲ. ಮಾರಿಯೋ ಜಿಗಿಯುವಾಗ ಕೈಗೂ ಪರದೆಗೂ ತಾಳ ತಪ್ಪಿದಂತೆ ಅನ್ನಿಸುವುದೂ ಇದೇ ಕಾರಣಕ್ಕೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಜಿಗಿತ ಸುಧಾರಿಸಬಹುದು, ಗನ್ ಸುಧಾರಿಸಲ್ಲ. ಗುಜರಿಯಲ್ಲಿ 14 ಇಂಚಿನ ಡಬ್ಬಾ ಟಿವಿ ಕಂಡರೆ ತಗೊಳ್ಳಿ. ಆದರೆ ಅದರ ಹಿಂದಿನ ಮುಚ್ಚಳವನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಕ್ಯಾಸೆಟ್ ಓಡದಿದ್ದರೆ ಉಫ್ ಅಂತ ಊದಬೇಡಿ. ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಊದಿದ ಮೇಲೆ ಓಡುತ್ತಿದ್ದದ್ದು ಬಹುಪಾಲು ತೆಗೆದು ಮತ್ತೆ ಹಾಕಿದ್ದಕ್ಕೆ. ಕಿವಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ ಒರೆಸಿ. ಹತ್ತಿ ಕರ್ರಗಾಗುವುದು ನಿಂತ ಮೇಲೆ ಚೆನ್ನಾಗಿ ಒಣಗಲು ಬಿಡಿ. ಜಾಯ್‌ಸ್ಟಿಕ್ ಬಟನ್ ಒತ್ತಿದರೆ ಕೆಲಸ ಮಾಡದಿದ್ದರೂ ಇದೇ ಮದ್ದು: ಬಿಚ್ಚಿ, ರಬ್ಬರಿನ ಕೆಳಗಿರುವ ಕಪ್ಪು ಚುಕ್ಕೆಯನ್ನು ಮೆಲ್ಲಗೆ, ಬೋರ್ಡನ್ನು ಸ್ವಲ್ಪ ಒತ್ತಿ ಒರೆಸಿ.

ಇನ್ನು ಸಂಗ್ರಹ. ಹೊರದೇಶದ ವಿಡಿಯೋ ನೋಡಿ ಡಬ್ಬ ಸಮೇತ ಒರಿಜಿನಲ್ ಬೇಕು ಎಂದು ಹೊರಟರೆ ಸಂಬಳ ಸಾಲಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಾವು ಆಡಿದ್ದೇ ನಕಲಿ, ನಮ್ಮ ಇತಿಹಾಸ ಅದೇ. ಲೇಬಲ್ ಮೇಲೆ 9999999 ಎಂದು ಬರೆದು, ಒಳಗೆ ಬೆರಳೆಣಿಕೆಯಷ್ಟೇ ಗೇಮ್ ತುಂಬಿ, ಅದನ್ನೇ ಬೇರೆ ಬೇರೆ ಹೆಸರಲ್ಲಿ ತೋರಿಸುವ ಕ್ಯಾಸೆಟ್ ಇದೆಯಲ್ಲ, ಅದನ್ನು ಯಾವ ಕಂಪನಿಯೂ ಮತ್ತೆ ಬಿಡಲ್ಲ. ಬೆಂಗಳೂರಿನವರಾದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಬೆಳಗ್ಗೆ ಬೇಗ ಹೋಗಿ ಹುಡುಕಿ. ಬಿಚ್ಚಿ ನೋಡಿದಾಗ ಚಿಪ್ ಬದಲು ಕರಿ ಅಂಟಿನ ಬೊಟ್ಟು ಕಂಡರೆ ಗಾಬರಿ ಬೇಡ, ನಕಲಿಯಲ್ಲಿ ಚಿಪ್ ಅದರೊಳಗೇ ಇರುತ್ತದೆ. ಅದನ್ನೇ ಒರಿಜಿನಲ್ ಎಂದು ಹೇಳಿ ಮಾರಿದರೆ ಮಾತ್ರ ಮುಂದೆ ನಡೆಯಿರಿ.

ಒರಿಜಿನಲ್ ಒಂದಾದರೂ ಬೇಕೇ ಬೇಕು ಅನ್ನಿಸಿದರೆ ಜಪಾನಿನ ಫ್ಯಾಮಿಕಾಮ್ ಕ್ಯಾಸೆಟ್ ನೋಡಿ. ಅದಕ್ಕೆ 60 ಪಿನ್, ನಮ್ಮ ನಕಲಿ ಸೆಟ್ಟಿಗೆ ಸೀದಾ ಕೂರುತ್ತದೆ. ಅಮೆರಿಕದ್ದಕ್ಕೆ 72, ಕೂರಲ್ಲ. ಓದಿ ಆಡುವ ಗೇಮ್ ಬಿಡಿ, ಓಡಿ ಗುಂಡು ಹಾರಿಸುವಂಥದ್ದು ತಗೊಳ್ಳಿ, ಭಾಷೆ ಅಡ್ಡ ಬರಲ್ಲ. ಕಾಂಟ್ರಾ ಸಿಕ್ಕರೆ ಜೇಬು ನೋಡಿಕೊಂಡು ತಗೊಳ್ಳಿ, ಅದು ಅಗ್ಗ ಅಲ್ಲ. ಆದರೆ 1988ರ ಆ ಜಪಾನೀ ಕ್ಯಾಸೆಟ್‌ನಲ್ಲಿ ಹಿಮದ ಹಂತಕ್ಕೆ ಹೋದರೆ ಹಿಮ ನಿಜವಾಗಿ ಬೀಳುತ್ತಿರುತ್ತದೆ. ಅಮೆರಿಕದ್ದರಲ್ಲಿ ಅದಿಲ್ಲ.