ಬಂದೂಕು ಈಗ ಎಲ್ಲಿದೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಾನು ತೋರಿಸಿದ ಕುರ್ಚಿಯನ್ನು ಎತ್ತಿ ಗೋಡೆಗೆ ಆನಿಸಿ, ಬಾಗಿಲು ಕಾಣುವಂತೆ ಕೂತರು. ಬಾಗಲಕೋಟೆ ಕಡೆಯವರು, ವಯಸ್ಸು 41. ಸೇನೆಯಲ್ಲಿ 17 ವರ್ಷ, ಅದರಲ್ಲಿ ಎರಡು ಸಲ ಕಾಶ್ಮೀರ. ಓಣಿಯ ಹುಡುಗರಿಗೆ 'ಮಿಲ್ಟ್ರಿ ಮಾಮ'. ಈಗ ಸ್ವಂತ ಲೈಸೆನ್ಸಿನ ಡಬಲ್ ಬ್ಯಾರಲ್ ಹಿಡಿದು ಬ್ಯಾಂಕ್ ಕಾಯುವ ಕೆಲಸ.

ಗಣೇಶ ವಿಸರ್ಜನೆಯ ರಾತ್ರಿ ಬೆನ್ನ ಹಿಂದೆ ಯಾರೋ ಪಟಾಕಿ ಸರ ಹಚ್ಚಿದರು. ಮುಂದಿನದು ಇವರಿಗೆ ಅರ್ಧಂಬರ್ಧ ನೆನಪು. ಪಕ್ಕದ ಮನೆ ಹುಡುಗನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಕೇಸಾಯಿತು, ಜಾಮೀನೂ ಸಿಕ್ಕಿತು. ವಕೀಲರೇ ಸಮಾಲೋಚನೆಗೆಂದು ನನ್ನ ಬಳಿ ಕಳಿಸಿದರು.

ನಿದ್ದೆ ಬಗ್ಗೆ ಆಮೇಲೆ ಕೇಳಿದೆ. ಮೊದಲು ಕೇಳಿದ್ದು ಬಂದೂಕಿನ ಬಗ್ಗೆ. "ಮಂಚದ ಕೆಳಗೆ," ಎಂದರು.

"ಮನಸ್ಸಿನ ಕಾಯಿಲೆ ಅಂತ ಬರೆದರೆ ಲೈಸೆನ್ಸ್ ಹೋಗುತ್ತೆ, ನೌಕರಿನೂ ಹೋಗುತ್ತೆ. ಬರೀಬ್ಯಾಡ್ರಿ." ಈ ಭಯ ಸುಳ್ಳಲ್ಲ. ಹಾಗಾಗಿಯೇ ಎಷ್ಟೋ ಮಾಜಿ ಸೈನಿಕರು ಡಾಕ್ಟರ್ ಹತ್ತಿರ ಹೋಗದೆ ಮಿಲ್ಟ್ರಿ ಕ್ಯಾಂಟೀನ್ ರಮ್ಮಿನಲ್ಲೇ ನಿದ್ದೆ ಹುಡುಕುತ್ತಾರೆ. ಅಮೆರಿಕದ ಬಫಲೊದಲ್ಲಿ 2008ರಲ್ಲೇ ಮಾಜಿ ಸೈನಿಕರಿಗೆಂದು ಬೇರೆ ಕೋರ್ಟ್ ಶುರುವಾಯಿತು, ಶಿಕ್ಷೆಯ ಜತೆ ಚಿಕಿತ್ಸೆಯನ್ನೂ ನೋಡುವಂಥದ್ದು. ನಮ್ಮಲ್ಲಿ ವಕೀಲರಿಗೆ ಹೊಳೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಚುನಾವಣೆ ಬಂದಾಗ ಜನ ಬಂದೂಕನ್ನು ಠಾಣೆಗೆ ಕೊಡ್ತಾರಲ್ವಾ, ನೀವೂ ಈಗ ಹಾಗೇ ಕೊಟ್ಟು ರಸೀದಿ ತನ್ನಿ ಎಂದೆ. ಗನ್ ಇಲ್ಲದ ಕೆಲಸ ಹುಡುಕಲು ಜಿಲ್ಲಾ ಸೈನಿಕ ಕಚೇರಿಗೆ ಹೋಗಿ, ಸಂಬಳ ಕಮ್ಮಿಯಾದರೂ ಸರಿ. ಇದು ಅವರಿಗೆ ಹಿಡಿಸಲಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇ.ಸಿ.ಎಚ್.ಎಸ್. ಕಾರ್ಡಿತ್ತು, ಆದರೆ ಬಿ.ಪಿ. ಮಾತ್ರೆಗೆ ಮಾತ್ರ ಬಳಸಿದ್ದರು. ಅದೇ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರಲ್ ಸಿಗುತ್ತದೆ. ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರ್ ಹೇಳಿದಂತೆ ಇಳಿಸಿ ಎಂದೂ ಹೇಳಿದೆ. ನಡುರಾತ್ರಿ ತಡೆಯಲಾಗದಿದ್ದರೆ 14416, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ.

ಕ್ಷಮೆ ಕೇಳಲು ಹುಡುಗನ ಮನೆಗೆ ನೀವೇ ಹೋಗಬೇಡಿ, ರಾಜಿ ಮಾತು ವಕೀಲರ ಮೂಲಕವೇ ಆಗಲಿ ಎಂದೆ. ಅವರ ಫೀಸು ಭಾರವಾದರೆ 2025ರಲ್ಲಿ ಶುರುವಾದ, ಸೈನಿಕ ಕುಟುಂಬಗಳಿಗೆ ಉಚಿತ ಕಾನೂನು ನೆರವು ಕೊಡುವ ವೀರ ಪರಿವಾರ ಸಹಾಯತಾ ಯೋಜನೆಯ ಬಗ್ಗೆ ಸೈನಿಕ ಕಚೇರಿಯಲ್ಲೇ ಕೇಳಬಹುದು.

ಅವರ ಹೆಂಡತಿಯ ಜತೆ ಬೇರೆಯಾಗಿ ಮಾತಾಡಿದೆ. ಗಂಡ ನಿದ್ದೆಯಲ್ಲಿ ಕೂಗಿದಾಗ ಈಕೆ ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಒಮ್ಮೆ ಕುತ್ತಿಗೆಗೇ ಕೈ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಮುಟ್ಟಬೇಡಿ, ಲೈಟ್ ಹಾಕಿ, ದೂರ ನಿಂತು ಹೆಸರು ಕರೆಯಿರಿ ಎಂದೆ. "ಗಂಡನ ಹೆಸರು ಹೆಂಗ್ರೀ ಕರೀಲಿ?" ಎಂದು ನಕ್ಕರು, ಆಮೇಲೆ ಅತ್ತರು. ಮಗಳ ಹೆಸರು ಹಿಡಿದು 'ಇವಳಪ್ಪಾ' ಎನ್ನುವುದೆಂದು ಒಪ್ಪಂದವಾಯಿತು.

ಮೂರನೇ ಭೇಟಿಗೆ ರಸೀದಿ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಿಸ್ಚಾರ್ಜ್ ಬುಕ್ಕಿನೊಳಗೆ ಇಟ್ಟಿದ್ದರು. ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಮೊನ್ನೆ ವಾಯಿದೆ ದಿನ ಬೆಳಿಗ್ಗೆ ಎಂಟಕ್ಕೇ ಕೋರ್ಟಿಗೆ ಹೋಗಿ ಕೂತಿದ್ದರಂತೆ, ಗೋಡೆಗೆ ಬೆನ್ನು ಕೊಟ್ಟು.